ಥೆರಪಿ ಕೋಣೆಯಲ್ಲಿ ಕಲಿತದ್ದು ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಬರುವುದಿಲ್ಲ?

2025ರ ಅಕ್ಟೋಬರ್ ತಿಂಗಳ ಪತ್ರಿಕೆಗಳನ್ನು ಓದಿದ ಕಾಸರಗೋಡಿನ ಹೆತ್ತವರಿಗೆ ತಲೆಬುಡ ತಿಳಿಯದಿದ್ದರೆ ತಪ್ಪು ಅವರದಲ್ಲ. ಕೇರಳ ಸರ್ಕಾರ ಮಾದರಿ ಶಾಲೆಗಳಿಗಾಗಿ ಇರುವ ಕೇಂದ್ರದ ಪಿಎಂ ಶ್ರೀ ಯೋಜನೆಗೆ ಸಹಿ ಹಾಕಿತು. ಎಡರಂಗದೊಳಗೇ ಜಗಳ ಎದ್ದಾಗ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯುವುದಾಗಿ ಹೇಳಿತು. ಅದೇ ತಿಂಗಳು ವಿಧಾನಸಭೆ, ಆಡಳಿತ ಮತ್ತು ಶಾಲೆಗಳಲ್ಲಿ ಮಲಯಾಳಕ್ಕೆ ಮೊದಲ ಸ್ಥಾನ ಕೊಡುವ ಮಲಯಾಳ ಭಾಷಾ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಪ್ರತಿಭಟನೆಯ ಮಾತು ಶುರುವಾಯಿತು. ಇವುಗಳ ನಡುವೆ ವಿಶೇಷ ಶಿಕ್ಷಕರ ಹುದ್ದೆ, ಬಾಕಿ ಉಳಿದ ಹಣ, ಸುಪ್ರೀಂ ಕೋರ್ಟಿನ ಆದೇಶ ಎಂಬ ಸಾಲುಗಳು ಒಳಪುಟಗಳಲ್ಲಿ ಬಂದು ಹೋದವು. ಆಟಿಸಂ, ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆ), ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಮನೆಯವರಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ನಮ್ಮ ಮಗುವಿಗೆ ನಾಲ್ಕು ಜನರ ಜೊತೆ ಬೆರೆಯಲು ಕಲಿಸುವವರು ಬರುತ್ತಾರೋ ಇಲ್ಲವೋ?

ಉತ್ತರ ಹುಡುಕಬೇಕಾದರೆ ಮೊದಲು ಈ ಸುದ್ದಿಗಳನ್ನು ಒಂದೊಂದಾಗಿ ಬಿಡಿಸಬೇಕು.

ಹುದ್ದೆ, ಹಣ, ಭಾಷೆ

ಹುದ್ದೆಯ ವಿಷಯ ಕೋರ್ಟಿನಿಂದ ಬಂದದ್ದು. ವಿಶೇಷ ಶಿಕ್ಷಕರಿಲ್ಲದೆ ಸಮನ್ವಯ ಶಿಕ್ಷಣ, ಅಂದರೆ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯುವುದು, ಬರೀ ಕಾಗದದ ಮಾತಾಗುತ್ತದೆ ಎಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು. ಅದರ ನಂತರ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೊಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಎಂಬ ಅನುಪಾತ ಬಂತು. 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಮಧ್ಯೆ ಬಂದು, ಎಲ್ಲ ರಾಜ್ಯಗಳೂ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಬೇಕು, ಗುತ್ತಿಗೆಯ ಮೇಲೆ ದುಡಿಯುತ್ತಿರುವವರ ಅರ್ಹತೆಯನ್ನು ಸಮಿತಿಯ ಮೂಲಕ ಪರಿಶೀಲಿಸಬೇಕು ಎಂದಿತು.

ಹಣದ ಕತೆ ಬೇರೆ. ಕೇರಳದ ಸಾಮಾನ್ಯ ಶಾಲೆಗಳಿಗೆ ಹೋಗುವ ವಿಶೇಷ ಶಿಕ್ಷಕರಲ್ಲಿ ಹೆಚ್ಚಿನವರು ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದಡಿ ಗುತ್ತಿಗೆಯಲ್ಲಿರುವವರು, ಬ್ಲಾಕ್ ಸಂಪನ್ಮೂಲ ಕೇಂದ್ರಗಳಿಂದ ಶಾಲೆಯಿಂದ ಶಾಲೆಗೆ ಓಡಾಡುವವರು. ಪಿಎಂ ಶ್ರೀಗೆ ಸಹಿ ಹಾಕದ ಕಾರಣ ಕೇಂದ್ರ ಸಮಗ್ರ ಶಿಕ್ಷಾದ ಹಣವನ್ನು ನಿಲ್ಲಿಸಿತ್ತು. ಅಂದರೆ ದೆಹಲಿಗೂ ತಿರುವನಂತಪುರಕ್ಕೂ ನಡೆದ ರಾಜಕೀಯ ಜಗಳದ ಬಿಸಿ ಪೆರ್ಲದ ಶಾಲೆಯೊಂದರ ವಿಶೇಷ ಶಿಕ್ಷಕಿಯ ಸಂಬಳಕ್ಕೆ ತಟ್ಟುವ ವ್ಯವಸ್ಥೆ ಇದು.

ಭಾಷೆಯದ್ದು ಮೂರನೆಯ ಎಳೆ. ಮಸೂದೆಯಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕಿಗೆ ರಕ್ಷಣೆಯ ಕಲಂ ಇದೆ ಎಂದು ಕೇರಳ ಸರ್ಕಾರ ಹೇಳಿತು. ಅಷ್ಟು ಸಾಲದು, ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕುವ ಚಾಳಿ ಇನ್ನಷ್ಟು ಬಲಗೊಳ್ಳುತ್ತದೆ ಎಂಬುದು ಕನ್ನಡ ಸಂಘಟನೆಗಳ ವಾದ. ಈ ವಾದವಿವಾದ ಗಣಿತ, ಸಮಾಜ ವಿಜ್ಞಾನದ ಶಿಕ್ಷಕರ ಸುತ್ತಲೇ ಸುತ್ತುತ್ತಿದೆ. ವಿಶೇಷ ಶಿಕ್ಷಕರ ಭಾಷೆಯ ಬಗ್ಗೆ ಹೆಚ್ಚು ಸದ್ದಿಲ್ಲ. ನನ್ನ ಪ್ರಕಾರ ಭಾಷೆ ಅತಿ ಹೆಚ್ಚು ಲೆಕ್ಕಕ್ಕೆ ಬರಬೇಕಾದ ಜಾಗ ಅದೇ. ಯಾಕೆ ಎಂಬುದಕ್ಕೆ ಮೊದಲು ಆ ಶಿಕ್ಷಕರು ಮಾಡುವ ಕೆಲಸವನ್ನು ನೋಡಬೇಕು.

ಕಲಿಸುವುದು ಏನನ್ನು?

ಎದುರಿನವರ ಮುಖ ನೋಡಿ ಅವರಿಗೆ ಬೇಸರವೋ ಖುಷಿಯೋ ಎಂದು ಊಹಿಸುವುದು, ಆಟದಲ್ಲಿ ತನ್ನ ಸರದಿ ಬರುವ ತನಕ ಕಾಯುವುದು, ಮಾತಿನ ನಡುವೆ ನುಗ್ಗದಿರುವುದು, ಬೇಡವಾದದ್ದನ್ನು ಕಿರುಚದೆ ಬೇಡ ಎನ್ನುವುದು, ಗೇಲಿ ಮಾಡಿದಾಗ ಹೊಡೆಯದೆ ಅಲ್ಲಿಂದ ಸರಿದು ಬರುವುದು. ಹೆಚ್ಚಿನ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಅಂಗಳದಲ್ಲಿ ಕಲಿಯುತ್ತಾರೆ. ಆಟಿಸಂ ಇರುವ ಮಗು ಹಾಗೆ ನೋಡಿ ಕಲಿಯುವುದು ಕಷ್ಟ. ಎಡಿಎಚ್‌ಡಿ ಇರುವ ಮಗುವಿಗೆ ಹಲವು ಸಲ ನಿಯಮ ಗೊತ್ತಿರುತ್ತದೆ. ಆ ಕ್ಷಣದಲ್ಲಿ ತಡೆದುಕೊಳ್ಳಲು ಆಗುವುದಿಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿಗೆ ಹೆಚ್ಚು ಸಲ, ಹೆಚ್ಚು ಸಣ್ಣ ತುಂಡುಗಳಲ್ಲಿ ಹೇಳಿಕೊಡಬೇಕಾಗುತ್ತದೆ. ಮೇಲ್ನೋಟಕ್ಕೆ ಮೂರೂ ‘ಬೆರೆಯದ ಮಗು’ ಎಂಬಂತೆ ಕಂಡರೂ ಕಾರಣ ಬೇರೆ, ಹಾಗಾಗಿ ಮದ್ದೂ ಬೇರೆ.

ಈ ಕೌಶಲಗಳನ್ನು ತುಂಡು ತುಂಡಾಗಿ ಬಿಡಿಸಿ ಕಲಿಸುವ ವಿಧಾನಗಳು ಹಲವಿವೆ. ಆರೇಳು ಮಕ್ಕಳ ಗುಂಪು ಕಟ್ಟಿ, ಮಾಡಿ ತೋರಿಸಿ, ಮಾಡಿಸಿ ನೋಡಿ, ತಿದ್ದುವುದು ಒಂದು. ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ‘ಸೋಷಿಯಲ್ ಸ್ಟೋರಿ’ ಇನ್ನೊಂದು: ನಾಳೆ ಏನಾಗಲಿದೆ, ಆಗ ನಾನೇನು ಮಾಡಬಹುದು ಎಂಬುದನ್ನು ಮಗುವಿನ ಕಣ್ಣಿನಿಂದ ಬರೆದ ಪುಟ್ಟ ಕತೆ. ಹದಿಹರೆಯದವರಿಗಾಗಿ ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಲಾಗೆಸನ್ ಕಟ್ಟಿದ ‘ಪೀರ್ಸ್’ ಕಾರ್ಯಕ್ರಮದಲ್ಲಿ ವಾರಕ್ಕೊಮ್ಮೆ ಒಂದೂವರೆ ಗಂಟೆ ಮಕ್ಕಳಿಗೆ ತರಗತಿ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ತಂದೆ ತಾಯಿಗೂ ತರಗತಿ.

ಫಲ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಜಾಹೀರಾತು ಹೇಳುವಷ್ಟಲ್ಲ. ಆಟಿಸಂ ಇರುವ 6ರಿಂದ 21 ವರ್ಷದವರ ಗುಂಪು ತರಬೇತಿಯ ಬಗ್ಗೆ 2012ರಲ್ಲಿ ಬಂದ ಕಾಕ್ರೇನ್ ವಿಮರ್ಶೆಗೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಗಟ್ಟಿಯಾಗಿ ಸಿಕ್ಕಿದ್ದು ಐದು ಪ್ರಯೋಗಗಳು, ಒಟ್ಟು 196 ಮಂದಿ. ಎಲ್ಲವೂ ಅಮೆರಿಕದವು. ಬೆರೆಯುವ ಸಾಮರ್ಥ್ಯ, ಗೆಳೆತನದ ಗುಣಮಟ್ಟ ಸ್ವಲ್ಪ ಸುಧಾರಿಸಿತ್ತು. ಎದುರಿನವರ ಭಾವನೆ ಗುರುತಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುಧಾರಣೆಯನ್ನು ಅಳೆದವರು ಹೆಚ್ಚಾಗಿ ತರಬೇತಿ ನಡೆದದ್ದು ಗೊತ್ತಿದ್ದ ತಂದೆ ತಾಯಂದಿರೇ ಎಂಬುದನ್ನೂ ನೆನಪಿಡಬೇಕು. ಆರು ತಿಂಗಳು ಮಗುವನ್ನು ಕರೆದುಕೊಂಡು ಬಸ್ಸು ಹತ್ತಿ ಇಳಿದ ತಾಯಿ ‘ಏನೂ ಆಗಲಿಲ್ಲ’ ಎಂದು ಬರೆದುಕೊಡುವುದು ಸುಲಭವಲ್ಲ.

ಎಡಿಎಚ್‌ಡಿಯ ವಿಷಯದಲ್ಲಿ ಫಲಿತಾಂಶ ಇನ್ನೂ ಸಪ್ಪೆ. 2019ರ ಕಾಕ್ರೇನ್ ವಿಮರ್ಶೆ 25 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ, ಸಾಮಾಜಿಕ ಕೌಶಲ ತರಬೇತಿಯೊಂದರಿಂದಲೇ ಗಣನೀಯ ಬದಲಾವಣೆ ಆಗುತ್ತದೆ ಎನ್ನಲು ಆಧಾರ ಸಾಲದು ಎಂದಿತು. ಗೊತ್ತಿದ್ದೂ ತಡೆದುಕೊಳ್ಳಲಾಗದ ಮಗುವಿಗೆ ನಿಯಮವನ್ನೇ ಮತ್ತೆ ಮತ್ತೆ ಹೇಳಿದರೆ ಪ್ರಯೋಜನ ಕಡಿಮೆ ಎಂಬುದು ಯೋಚಿಸಿದರೆ ಸಹಜವೇ.

ಸಮಸ್ಯೆ ಇರುವುದು ಬಾಗಿಲಿನಾಚೆ

ಇಲ್ಲೇ ವಿಷಯದ ತಿರುಳಿದೆ. ತರಬೇತಿ ಕೋಣೆಯಲ್ಲಿ ಮಗು ಚೆನ್ನಾಗಿ ಕಲಿಯುತ್ತದೆ. ಥೆರಪಿಸ್ಟ್ ಮುಖ ನೋಡಿ ನಮಸ್ಕಾರ ಹೇಳುತ್ತದೆ, ಸರದಿ ಕಾಯುತ್ತದೆ, ಧನ್ಯವಾದ ಹೇಳುತ್ತದೆ. ಅದೇ ಮಗು ಶಾಲೆಯ ಮಧ್ಯಾಹ್ನದ ಊಟದ ಸಾಲಿನಲ್ಲಿ ಮೊದಲಿನ ಹಾಗೆಯೇ ನಡೆದುಕೊಳ್ಳುತ್ತದೆ. ಆಟಿಸಂ ಇರುವವರಲ್ಲಿ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ದಾಟಿ ಬರುವುದು ಕಡಿಮೆ. ಆ ಕೋಣೆ, ಆ ಮೇಜು, ಆ ಟೀಚರ್, ಆ ಧ್ವನಿ ಎಲ್ಲ ಸೇರಿಯೇ ಅವರಿಗೆ ಆ ಪಾಠ. ಒಂದು ಬದಲಾದರೂ ಅದು ಹೊಸ ಪಾಠ.

ಶಾಲೆಗಳಲ್ಲಿ ನಡೆದ ಇಂಥ ತರಬೇತಿಗಳ 55 ಅಧ್ಯಯನಗಳನ್ನು ಸ್ಕಾಟ್ ಬೆಲಿನಿ ಮತ್ತು ಸಂಗಡಿಗರು 2007ರಲ್ಲಿ ಒಟ್ಟಿಗೆ ವಿಶ್ಲೇಷಿಸಿದರು. ಒಟ್ಟು ಪರಿಣಾಮ ಅತ್ಯಲ್ಪ ಎಂಬುದು ಅವರ ನಿರಾಶೆಯ ತೀರ್ಮಾನ. ಆದರೆ ಅದರೊಳಗೊಂದು ವ್ಯತ್ಯಾಸ ಎದ್ದು ಕಂಡಿತು: ಮಗುವನ್ನು ಬೇರೆ ಕೋಣೆಗೆ ಕರೆದೊಯ್ದು ಕಲಿಸಿದಾಗ ಸಿಕ್ಕಿದ್ದಕ್ಕಿಂತ ಹೆಚ್ಚು ಫಲ ಅದರದೇ ತರಗತಿಯಲ್ಲಿ ಕಲಿಸಿದಾಗ ಸಿಕ್ಕಿತ್ತು. 2012ರಲ್ಲಿ ಕೋನಿ ಕಸಾರಿ ತಂಡ ಆಟಿಸಂ ಇರುವ 60 ಶಾಲಾ ಮಕ್ಕಳ ಮೇಲೆ ಮಾಡಿದ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೆಲವು ಕಡೆ ಆಟಿಸಂ ಇರುವ ಮಗುವಿಗೆ ಕಲಿಸಿದರು. ಕೆಲವು ಕಡೆ ಆ ಮಗುವನ್ನು ಮುಟ್ಟದೆ, ಅದೇ ತರಗತಿಯ ಇತರ ಮೂರು ಮಕ್ಕಳಿಗೆ ಆಟದ ಮೈದಾನದಲ್ಲಿ ಒಂಟಿಯಾಗಿರುವವರನ್ನು ಸೇರಿಸಿಕೊಳ್ಳುವುದು ಹೇಗೆಂದು ಕಲಿಸಿದರು. ಹೆಚ್ಚು ಬದಲಾವಣೆ ಕಂಡದ್ದು ಸಹಪಾಠಿಗಳಿಗೆ ಕಲಿಸಿದ ಕಡೆ.

ಇದರ ಅರ್ಥ ನಮ್ಮಲ್ಲಿ ಇನ್ನೂ ಇಳಿದಿಲ್ಲ. ನಾವು ಈಗಲೂ ಲೆಕ್ಕ ಹಾಕುವುದು ವಾರಕ್ಕೆ ಎಷ್ಟು ಸಿಟ್ಟಿಂಗ್, ಒಂದಕ್ಕೆ ಎಷ್ಟು ನಿಮಿಷ ಎಂಬ ರೀತಿಯಲ್ಲಿ. ಈಜು ಕಲಿಸಲು ಕೆರೆಗೆ ಇಳಿಸದೆ ಚಾಪೆಯ ಮೇಲೆ ಕೈಕಾಲು ಬಡಿಸಿದ ಹಾಗೆ.

ಇಲ್ಲಿ ಅಂತರ ಇಮ್ಮಡಿ

ಈಗ ಕಾಸರಗೋಡಿಗೆ ಬರೋಣ. ಎಣ್ಮಕಜೆ ಅಥವಾ ಬೆಳ್ಳೂರಿನ ಒಂದು ಮಗುವಿನ ದಿನವನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಟಿಯೋ. ಶಾಲೆಯ ಪಾಠ ಕನ್ನಡ. ಬಸ್ಸಿನ ಬೋರ್ಡು, ಕಂಡಕ್ಟರನ ಮಾತು ಮಲಯಾಳ. ಆಸ್ಪತ್ರೆ ಎಂದರೆ ಹೆಚ್ಚಾಗಿ ಗಡಿಯಾಚೆ ಮಂಗಳೂರು ಅಥವಾ ದೇರಳಕಟ್ಟೆ. ಎಲ್ಲ ಮಕ್ಕಳಂತೆ ಈ ಮಗುವೂ ಎರಡು ಮೂರು ಭಾಷೆ ಹೀರಿಕೊಳ್ಳಬಲ್ಲುದು. ‘ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಇಲ್ಲದಿದ್ದರೆ ಮಾತು ಬರುವುದಿಲ್ಲ’ ಎಂಬ ಸಲಹೆಯನ್ನು ಅನೇಕರು ಕೇಳಿರುತ್ತಾರೆ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನಲು ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮನೆಮಾತನ್ನು ಬಿಟ್ಟರೆ ಮಗು ಅಜ್ಜಿಯ ಜೊತೆ, ನೆರೆಮನೆಯವರ ಜೊತೆ ಮಾತಾಡುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ.

ತೊಂದರೆ ಭಾಷೆಗಳ ಸಂಖ್ಯೆಯಲ್ಲಿಲ್ಲ, ಕಲಿಸುವ ಭಾಷೆ ಬದುಕುವ ಭಾಷೆಗೆ ತಾಳೆಯಾಗದಿರುವುದರಲ್ಲಿದೆ. ಗಣಿತವನ್ನು ಬೇರೆ ಭಾಷೆಯಲ್ಲಿ ಕಲಿತರೂ ಎರಡು ಎರಡು ನಾಲ್ಕೇ. ಸರದಿ ಕೇಳುವುದು, ಕ್ಷಮೆ ಕೇಳುವುದು, ಹಿರಿಯರನ್ನು ಕರೆಯುವುದು ಹಾಗಲ್ಲ. ಅಲ್ಲಿ ಮಾತೇ ಕೌಶಲ. ಮಲಯಾಳದಲ್ಲಿ ‘ಚೇಟ್ಟ’ ಎಂದು ಕರೆಯಲು ಕಲಿತ ಹುಡುಗ ಪಕ್ಕದ ಮನೆಯ ಅಣ್ಣನನ್ನು ಹೇಗೆ ಕರೆಯಬೇಕೆಂದು ಇನ್ನೊಮ್ಮೆ ಕಲಿಯಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೇ ದಾಟದ ಪಾಠ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೇಗೆ ದಾಟೀತು? ಕೊರಿಯಾದವರು ‘ಪೀರ್ಸ್’ ಅನ್ನು ತಂದಾಗ ಅದನ್ನು ಬರೀ ಅನುವಾದಿಸಲಿಲ್ಲ, ತಮ್ಮ ಹದಿಹರೆಯದವರ ರೂಢಿಗೆ ತಕ್ಕಂತೆ ಒಗ್ಗಿಸಿಕೊಂಡು, ಆಮೇಲೆ ಪ್ರಯೋಗಕ್ಕೆ ಒಡ್ಡಿ ಪರೀಕ್ಷಿಸಿದರು.

ಮಲಯಾಳವೇ ಬೇಡ ಎನ್ನುವುದೂ ಇಲ್ಲಿ ತಪ್ಪಾಗುತ್ತದೆ. ಹದಿನೆಂಟು ದಾಟಿದ ಯುವಕ ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ, ವಿಲೇಜ್ ಆಫೀಸಿನಲ್ಲಿ, ಕೆಲಸದ ಜಾಗದಲ್ಲಿ ಮಲಯಾಳದಲ್ಲೇ ನಾಲ್ಕು ಮಾತಾಡಬೇಕಾಗುತ್ತದೆ. ಅಲ್ಲಿ ಬೇಕಾದ ಮಲಯಾಳವನ್ನು ಅಲ್ಲಿಯೇ, ಮನೆ ಮತ್ತು ಶಾಲೆಗೆ ಬೇಕಾದದ್ದನ್ನು ಅವುಗಳ ಭಾಷೆಯಲ್ಲಿ ಕಲಿಸುವುದು ವಿವೇಕ. ಭಾಷಾ ಚಳವಳಿಯ ವೇದಿಕೆಗೆ ಈ ನಡುದಾರಿ ರುಚಿಸದಿರಬಹುದು.

ಸಂಸ್ಥೆಗಳ ನಕ್ಷೆಯೂ ಈ ಅಂತರವನ್ನು ಹಿಗ್ಗಿಸುತ್ತದೆ. ಕನ್ನಡದಲ್ಲಿ ಮಾತು, ಭಾಷೆಯ ಪರೀಕ್ಷೆಗಳನ್ನು ರೂಪಿಸಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ. ಕಾಸರಗೋಡಿನ ಆಡಳಿತ ಸಲಹೆ ಕೇಳುವುದು ತೃಶ್ಶೂರು, ತಿರುವನಂತಪುರದ ಸಂಸ್ಥೆಗಳನ್ನು. ಮಗುವಿನ ತಪಾಸಣೆ ಮಂಗಳೂರಿನಲ್ಲಿ, ಸವಲತ್ತು ಕೇರಳದಲ್ಲಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಸಡಿಲ ದಾರದ್ದು ಎಂಬುದು ಎಲ್ಲರಿಗೂ ಗೊತ್ತಾಯಿತು.

ಪಟ್ಟಿಯೊಳಗಿನವರು, ಹೊರಗಿನವರು

ಈ ಜಿಲ್ಲೆಯಲ್ಲಿ ಮಕ್ಕಳ ಅಂಗವೈಕಲ್ಯ ಎಂದ ತಕ್ಷಣ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುವುದು ಸಹಜ. ಗೇರು ತೋಟಗಳ ಮೇಲೆ ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷ, ಪಡ್ರೆ ಊರಿನ ಅಂಗವಿಕಲ ಮಕ್ಕಳು, 2011ರ ನಿಷೇಧ, ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂಬ 2017ರ ಸುಪ್ರೀಂ ಕೋರ್ಟ್ ಆದೇಶ ಎಲ್ಲ ಇತಿಹಾಸದ ಭಾಗ. ಈ ಹೋರಾಟ ಇಲ್ಲದಿದ್ದರೆ ಇಲ್ಲಿನ ಬಡ್ಸ್ ಶಾಲೆಗಳಿಗೆ, ಅಂದರೆ ಪಂಚಾಯತ್ ಮಟ್ಟದ ವಿಶೇಷ ಶಾಲೆಗಳಿಗೆ, ಇವತ್ತಿನ ಕಟ್ಟಡವೂ ಸಿಗುತ್ತಿರಲಿಲ್ಲ. ಆದರೆ ಅದಕ್ಕೊಂದು ಅಡ್ಡ ಪರಿಣಾಮವೂ ಇದೆ. ಚರ್ಚೆಯೆಲ್ಲ ಸಂತ್ರಸ್ತರ ಪಟ್ಟಿಯಲ್ಲಿ ಹೆಸರು ಉಂಟೋ ಇಲ್ಲವೋ, ಪರಿಹಾರ ಬಂತೋ ಇಲ್ಲವೋ ಎಂಬಲ್ಲಿಗೆ ನಿಲ್ಲುತ್ತದೆ. ಹಾಸಿಗೆ ಹಿಡಿದ ಮಗುವಿನ ಚಿತ್ರ ಮನಸ್ಸಿನಲ್ಲಿ ಕೂತಿರುವುದರಿಂದ, ಓಡಾಡುವ, ಮಾತಾಡುವ, ಆದರೆ ಬೆರೆಯಲಾರದ ಮಗುವಿಗೆ ಏನೋ ಬೇಕೆಂಬುದೇ ಹೊಳೆಯುವುದಿಲ್ಲ. ಜಿಲ್ಲೆಯ ಪ್ರತಿಯೊಂದು ಆಟಿಸಂ ಪ್ರಕರಣಕ್ಕೂ ಕೀಟನಾಶಕವೇ ಕಾರಣ ಎನ್ನಲು ಆಧಾರವೂ ಇಲ್ಲ.

ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀ ಮತ್ತು ಪಂಚಾಯತ್‌ಗಳು ಸೇರಿ ನಡೆಸುವ ಬಡ್ಸ್ ಶಾಲೆಗಳು 2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದವು. ಹದಿನೆಂಟರ ತನಕ ಬಡ್ಸ್ ಶಾಲೆ, ಆಮೇಲೆ ಬಡ್ಸ್ ಪುನರ್ವಸತಿ ಕೇಂದ್ರ. (ಅದನ್ನೂ ಬಿಆರ್‌ಸಿ ಎನ್ನುತ್ತಾರೆ, ಬ್ಲಾಕ್ ಸಂಪನ್ಮೂಲ ಕೇಂದ್ರವನ್ನೂ ಬಿಆರ್‌ಸಿ ಎನ್ನುತ್ತಾರೆ; ಯಾವ ಬಿಆರ್‌ಸಿಗೆ ಹೋಗಬೇಕೆಂದು ತಿಳಿಯದೆ ಜನ ಗಲಿಬಿಲಿಗೊಂಡರೆ ನಗಬಾರದು.) ಮನೆಯ ಹತ್ತಿರ, ಊರಿನವರೇ ಸಹಾಯಕರಾಗಿರುವುದು ಬಡ್ಸ್‌ನ ದೊಡ್ಡ ಬಲ. ದೌರ್ಬಲ್ಯವೆಂದರೆ ಅಲ್ಲಿ ಸಾಮಾನ್ಯ ಮಕ್ಕಳಿಲ್ಲ. ಬೆರೆಯಲು ಕಲಿಯಬೇಕಾದ ಮಗುವಿಗೆ ಬೆರೆಯಲು ಸಿಗುವವರು ಅದೇ ಕಷ್ಟ ಇರುವವರು ಮಾತ್ರ. ತೀವ್ರ ಅಂಗವೈಕಲ್ಯ ಇರುವವರಿಗೆ ಬಡ್ಸ್ ಅನಿವಾರ್ಯ ಎಂಬ ವಾದ ಸರಿಯೇ. ಉಳಿದವರಿಗೆ ಪಕ್ಕದ ಸರ್ಕಾರಿ ಶಾಲೆಯ ಜೊತೆ ವಾರಕ್ಕೆರಡು ದಿನದ ಆಟದ ಪಿರಿಯಡ್ ಆದರೂ ಬೇಡವೇ?

ತಂಟೆ ಮಾಡುವ ಮಕ್ಕಳು ಯಾವ ಲೆಕ್ಕಕ್ಕೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಇದೆ, ಬೌದ್ಧಿಕ ಅಂಗವೈಕಲ್ಯ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಹೆಸರಾಗಿ ಇಲ್ಲ. ವರ್ತನೆಯ ಸಮಸ್ಯೆಗಳೂ ಇಲ್ಲ. ಹಾಗಾಗಿ ಜಗಳ ಕಾಯುವ, ಕ್ಲಾಸು ತಪ್ಪಿಸುವ, ಸಿಟ್ಟು ಬಂದರೆ ಬೆಂಚು ಎಳೆದು ಹಾಕುವ ಹುಡುಗನಿಗೆ ಸರ್ಟಿಫಿಕೇಟ್ ಇಲ್ಲ, ವಿಶೇಷ ಶಿಕ್ಷಕರ ಲೆಕ್ಕದಲ್ಲೂ ಅವನಿಲ್ಲ. ಅವನು ಹೆಡ್‌ಮಾಸ್ಟರರ ಕೋಣೆಗೆ, ಅಲ್ಲಿಂದ ಶಾಲಾ ಕೌನ್ಸೆಲರ್ ಬಳಿಗೆ ಹೋಗುತ್ತಾನೆ. ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹೊಡೆಯುವ ಬದಲು ಏನು ಮಾಡಬೇಕೆಂದು ಮಾಸ್ತರರಿಗೆ ಕಲಿಸಿದವರು ಕಡಿಮೆ.

ಇಂಥ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ಶಿಬಿರ ಮಾಡೋಣ ಎಂಬ ಸಲಹೆ ಪಿಟಿಎ ಸಭೆಗಳಲ್ಲಿ ಸುಲಭವಾಗಿ ಬರುತ್ತದೆ. ಇಲ್ಲಿ ಎಚ್ಚರ ಬೇಕು. ಅಮೆರಿಕದ ಕೇಂಬ್ರಿಜ್–ಸಾಮರ್‌ವಿಲ್‌ನಲ್ಲಿ 1939ರಲ್ಲಿ ಶುರುವಾದ ಯೋಜನೆಯೊಂದು ದಾರಿ ತಪ್ಪಬಹುದಾದ ಹುಡುಗರಿಗೆ ವರ್ಷಗಟ್ಟಲೆ ಆಪ್ತ ಸಲಹೆ, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟಿತು. ಮೂವತ್ತು ವರ್ಷಗಳ ಬಳಿಕ ಸಂಶೋಧಕಿ ಜೋನ್ ಮೆಕಾರ್ಡ್ ಆ ಹುಡುಗರನ್ನು ಹುಡುಕಿ ನೋಡಿದಾಗ, ಏನೂ ಸಿಗದವರಿಗಿಂತ ಸಹಾಯ ಪಡೆದವರ ಬದುಕೇ ಹಲವು ವಿಷಯಗಳಲ್ಲಿ ಕೆಟ್ಟಿತ್ತು. ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದವರಲ್ಲಿ ಹಾನಿ ಹೆಚ್ಚು. ತಂಟೆಯ ಹುಡುಗರು ಒಟ್ಟಿಗಿದ್ದಾಗ ಒಬ್ಬನ ಸಾಹಸಕ್ಕೆ ಉಳಿದವರ ನಗೆಯೇ ಬಹುಮಾನವಾಗುತ್ತದೆ ಎಂಬುದು ನಂತರದ ಸಂಶೋಧಕರು ಕೊಟ್ಟ ವಿವರಣೆ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ 3ರಿಂದ 11 ವರ್ಷದ ಇಂಥ ಮಕ್ಕಳಿಗೆ ಮೊದಲು ಹೇಳುವುದು ತಂದೆ ತಾಯಿಯ ತರಬೇತಿ. ಮಗುವನ್ನು ತಿದ್ದಿ ಕೊಡಿ ಎಂದು ಶಾಲೆಗೆ ಬರುವ ಮನೆಯವರಿಗೆ ಈ ಮಾತು ಹಿಡಿಸುವುದಿಲ್ಲ.

ಬದಲಾಗಬೇಕಾದವರು ಯಾರು?

ಇನ್ನೊಂದು ವಾದ ಆಟಿಸಂ ಇರುವ ವಯಸ್ಕರಿಂದಲೇ ಬಂದದ್ದು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು: ನಮಗೆ ನಿಮ್ಮ ಮನಸ್ಸು ಅರ್ಥವಾಗುವುದಿಲ್ಲ, ನಿಜ, ನಿಮಗೂ ನಮ್ಮದು ಅರ್ಥವಾಗುವುದಿಲ್ಲ. ಹಾಗಿರುವಾಗ ತರಬೇತಿ ಒಂದೇ ಕಡೆಗೆ ಯಾಕೆ? ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಅಲ್ಲಾಡಿಸಬೇಡ ಎಂದು ವರ್ಷಗಟ್ಟಲೆ ತಿದ್ದಿದರೆ ಮಗು ಸಹಜವಾಗುವುದಿಲ್ಲ, ಸಹಜನಂತೆ ನಟಿಸಲು ಕಲಿಯುತ್ತದೆ, ದಣಿಯುತ್ತದೆ ಎಂಬುದು ಈ ಪಕ್ಷದವರ ಆಕ್ಷೇಪ. ಹೆತ್ತವರ ಕಡೆಯ ಉತ್ತರವೂ ಹಗುರವಲ್ಲ: ನಾವು ಇಲ್ಲದ ಕಾಲಕ್ಕೆ ನಮ್ಮ ಮಗಳು ಅಂಗಡಿಗೆ ಹೋಗಿ ಸಾಮಾನು ತರಬೇಕು, ಕೆಟ್ಟದಾಗಿ ಮುಟ್ಟುವವನಿಗೆ ಬೇಡ ಎನ್ನಬೇಕು.

ಎರಡೂ ವಾದಗಳು ಒಟ್ಟಿಗೆ ನಿಲ್ಲಬಲ್ಲವು. ಕಣ್ಣು ನೋಡುವ ಪಾಠವನ್ನು ಬಿಡಬಹುದು. ಸಹಾಯ ಕೇಳುವ, ಬೇಡ ಎನ್ನುವ, ಚಿಲ್ಲರೆ ಎಣಿಸಿ ಪಡೆಯುವ ಪಾಠವನ್ನು ಬಿಡಲಾಗದು.

ಮುಂದೆ ಏನಾಗಬಹುದು

ಈಗಿನ ದಾರಿಯಲ್ಲೇ ಹೋದರೆ ಹುದ್ದೆಗಳು ಭರ್ತಿಯಾಗುತ್ತವೆ, ಅನುಪಾತ ಕಾಗದದಲ್ಲಿ ಸರಿಹೋಗುತ್ತದೆ, ಕೋರ್ಟಿಗೆ ಅಫಿಡವಿಟ್ ಹೋಗುತ್ತದೆ. ಜಿಲ್ಲೆಯ ಉತ್ತರದ ಕನ್ನಡ ಮಾಧ್ಯಮ ಶಾಲೆಗಳಿಗೆ ತೆಂಕಣದಿಂದ ಬಂದ, ಕನ್ನಡ ತಿಳಿಯದ ವಿಶೇಷ ಶಿಕ್ಷಕರು ನೇಮಕವಾಗಿ, ವರ್ಗಾವಣೆಗೆ ಕಾಯುತ್ತ ಕೂರುವ ಸಾಧ್ಯತೆ ಹೆಚ್ಚು. ಮಕ್ಕಳು ವಾರಕ್ಕೊಮ್ಮೆ ಬೇರೆ ಕೋಣೆಯಲ್ಲಿ ಕೂತು ಎದ್ದು ಬರುತ್ತಾರೆ.

ಬೇರೆ ದಾರಿಗೆ ಭಾರಿ ಹಣವೇನೂ ಬೇಡ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮನೆಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ‘ಪಾಸ್’ ಪ್ರಯೋಗದಲ್ಲಿ ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು. ಅವರು ಕಲಿಸಿದ್ದೂ ಮಗುವಿಗಲ್ಲ, ಮಗುವಿನ ಜೊತೆ ಆಡುವುದು ಹೇಗೆಂದು ತಂದೆ ತಾಯಿಗೆ. ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಎಲ್ಲ ಅಳತೆಗಳಲ್ಲೂ ಲಾಭ ಕಾಣಲಿಲ್ಲ ಎಂಬುದೂ ನಿಜ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕುಟುಂಬಶ್ರೀಯ ನೆರೆಕೂಟ ಇರುವ ಊರಿನಲ್ಲಿ ಇದನ್ನು ತುಳುವಿನಲ್ಲಿ, ಕನ್ನಡದಲ್ಲಿ ಮಾಡಿ ನೋಡಲು ಜನ ಇಲ್ಲ ಎನ್ನುವಂತಿಲ್ಲ.

ಇನ್ನು ಹುದ್ದೆಯ ವಿಷಯ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮ ಶಿಕ್ಷಕರಿಗೆ ಕೇರಳ ಪಿಎಸ್‌ಸಿ ಪ್ರತ್ಯೇಕ ಅಧಿಸೂಚನೆ ಹೊರಡಿಸುವ ಪದ್ಧತಿ ಈಗಲೇ ಇದೆ. ವಿಶೇಷ ಶಿಕ್ಷಕರ ಹುದ್ದೆಗೂ ಅದನ್ನು ವಿಸ್ತರಿಸಿ ಎಂದು ಕೇಳಲು ಹೊಸ ಕಾನೂನು ಬೇಕಾಗಿಲ್ಲ. ಕೇಳಬೇಕಾದ ಹೊತ್ತು ಮಾತ್ರ ಅಧಿಸೂಚನೆ ಹೊರಡುವ ಮೊದಲು. ರ‍್ಯಾಂಕ್ ಪಟ್ಟಿ ಬಂದ ಮೇಲೆ ಹೈಕೋರ್ಟಿಗೆ ಹೋದರೆ ತೀರ್ಪು ಬರುವಷ್ಟರಲ್ಲಿ ಎರಡನೇ ತರಗತಿಯ ಮಗು ಹೈಸ್ಕೂಲಿಗೆ ಬಂದಿರುತ್ತದೆ.